ನಾಕಿಂಗ್: ಹಳೇ ಜೀಪಿನೊಳಗೆ ಕುಟ್ಟುವುದು ಯಾರು?

"ಇಂಜಿನ್ ನಾಕಿಂಗ್ ಬರ್ತಿದೆ ಸರ್, ಇಳಿಸ್ಬೇಕು." ಹಳೇ ಜೀಪು ಇಟ್ಟುಕೊಂಡವರು ಒಮ್ಮೆಯಾದರೂ ಕೇಳಿರುವ ಮಾತು ಇದು. ಇಳಿಸುವುದು ಅಂದರೆ ಇಂಜಿನ್ ಹೊರತೆಗೆದು ಪೂರ್ತಿ ಬಿಚ್ಚುವುದು. ಕೇಳಿದ ಕೂಡಲೇ ಎಲ್ಲರೂ ದುಡ್ಡಿನ ಲೆಕ್ಕ ಶುರು ಮಾಡುತ್ತೇವೆ. ಅದಕ್ಕೂ ಮೊದಲು ಕೇಳಬೇಕಾದ್ದು ಒಂದಿದೆ: ಯಾವ ನಾಕಿಂಗ್?

ನಾಕ್ ಅಂದರೆ ಬಾಗಿಲು ತಟ್ಟುವುದು. ಇಂಜಿನ್ನಿನೊಳಗೆ ಯಾರೋ ಕೂತು ಸುತ್ತಿಗೆಯಲ್ಲಿ ಕುಟ್ಟಿದ ಹಾಗೆ ಕೇಳಿಸುವ ಸದ್ದಿಗೆ ಈ ಹೆಸರು. ಫಜೀತಿ ಏನೆಂದರೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಕಾಯಿಲೆಗೂ ಇದೊಂದೇ ಹೆಸರು. ಒಂದರಲ್ಲಿ ಸದ್ದು ಮಾಡುವುದು ಬೆಂಕಿ. ಇನ್ನೊಂದರಲ್ಲಿ ಲೋಹ.

ಮೊದಲು ಬೆಂಕಿಯದ್ದು. ಪೆಟ್ರೋಲ್ ಇಂಜಿನ್ನಿನಲ್ಲಿ ಪ್ಲಗ್ ಹೊತ್ತಿಸಿದ ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಬ್ಬಬೇಕು, ಒಣಹುಲ್ಲಿಗೆ ಹಬ್ಬಿದ ಹಾಗೆ. ಅದು ಮೂಲೆ ಮುಟ್ಟುವ ಮೊದಲೇ ಅಲ್ಲಿ ಉಳಿದ ಪೆಟ್ರೋಲು ಬಿಸಿಗೂ ಒತ್ತಡಕ್ಕೂ ತಾನಾಗಿ ಭಗ್ಗೆಂದರೆ ಅದೇ ನಾಕಿಂಗ್. ಚಾರ್ಮಾಡಿ ಘಾಟಿಯಲ್ಲಿ ಗೇರ್ ಇಳಿಸದೆ ಸುಮ್ನೆ ಆಕ್ಸಿಲರೇಟರ್ ತುಳಿದರೆ ತಗಡಿನ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು ಬರುತ್ತದಲ್ಲ, ಅದು. ಗೇರ್ ಇಳಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ಡಿಸ್ಟ್ರಿಬ್ಯೂಟರ್ ಟೈಮಿಂಗ್, ಅಂದರೆ ಪ್ಲಗ್ಗಿಗೆ ಕಿಡಿ ಕಳಿಸುವ ಸಮಯ, ನೋಡಬೇಕು, ಒಳಗೆ ಕಟ್ಟಿದ ಕಾರ್ಬನ್ ತೆಗೆಸಬೇಕು. ಈ ಸದ್ದು ಅಡಗಿಸಲೆಂದೇ 1921ರಲ್ಲಿ ಅಮೆರಿಕದಲ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುವ ಉಪಾಯ ಕಂಡುಕೊಂಡರು. ಸದ್ದೇನೋ ಅಡಗಿತು, ಊರೂರಿನ ಗಾಳಿಗೆ ಸೀಸ ಸೇರಿತು. ನಮ್ಮ ದೇಶದಲ್ಲಿ ಅದು ನಿಂತದ್ದು 2000ದಲ್ಲಿ. ಕೆಮ್ಮಿಗೆ ವಿಷ ಕುಡಿಸಿದ ಹಾಗಾಯಿತು, ಅಲ್ವಾ?

ಡೀಸೆಲ್ ಜೀಪಿಗೆ ಕಿಡಿ ಹಾರಿಸುವ ಪ್ಲಗ್ಗೇ ಇಲ್ಲ. ಗಾಳಿಯನ್ನು ಸುಮಾರು 20 ಪಟ್ಟು ಅದುಮಿದಾಗ ಅದು 500 ಡಿಗ್ರಿಗೂ ಮೀರಿ ಕಾಯುತ್ತದೆ. ಅದರ ಮೇಲೆ ನೋಜಲ್ ಡೀಸೆಲ್ ಸಿಂಪಡಿಸುತ್ತದೆ. ಡೀಸೆಲ್ ಬಿದ್ದ ತಕ್ಷಣ ಹೊತ್ತುವುದಿಲ್ಲ, ಕಣ್ಣು ರೆಪ್ಪೆ ಬಡಿಯುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತಾದರೂ ತಡೆಯುತ್ತದೆ. ಅಷ್ಟರಲ್ಲಿ ಬಿದ್ದದ್ದೆಲ್ಲ ಒಟ್ಟಿಗೇ ಉರಿದಾಗ ಟಕ್ ಎನ್ನುತ್ತದೆ. ಹಾಗಾಗಿ ಡೀಸೆಲ್ ಇಂಜಿನ್ನಿಗೆ ಸ್ವಲ್ಪ ನಾಕಿಂಗ್ ಹುಟ್ಟುಗುಣ. ಇಂಜಿನ್ ತಣ್ಣಗಿದ್ದಷ್ಟೂ ಹೊತ್ತುವುದು ತಡ, ಸದ್ದು ಜಾಸ್ತಿ. ಮಂಜು ಬಿದ್ದ ಬೆಳಿಗ್ಗೆ ಜೀಪು ಊರನ್ನೇ ಎಬ್ಬಿಸುವುದು ಇದಕ್ಕೇ. ಕಾದ ಮೇಲೂ ಅದೇ ಅಬ್ಬರ ಇದ್ದರೆ ಪಂಪಿನ ಟೈಮಿಂಗ್ ಮುಂದಾಗಿ ಡೀಸೆಲ್ ಬೇಗನೇ ಬೀಳುತ್ತಿರಬಹುದು, ಇಲ್ಲವೇ ನೋಜಲ್ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿರಬಹುದು.

ಇನ್ನು ಲೋಹದ್ದು. ಸಿಲಿಂಡರಿನಲ್ಲಿ ಏರಿಳಿಯುವ ಪಿಸ್ಟನ್ನನ್ನು ಕೆಳಗೆ ತಿರುಗುವ ದಂಡಕ್ಕೆ, ಅಂದರೆ ಕ್ರ್ಯಾಂಕಿಗೆ, ಜೋಡಿಸುವ ಸರಳೇ ಕನ್‌ರಾಡ್. ಅದು ಕ್ರ್ಯಾಂಕನ್ನು ಹಿಡಿದುಕೊಳ್ಳುವ ಕಡೆ ತೆಳ್ಳಗಿನ ಬೇರಿಂಗ್ ಇರುತ್ತದೆ. ನಡುವೆ ಕೂದಲೆಳೆಯಷ್ಟು ಜಾಗ, ಅದರ ತುಂಬ ಆಯಿಲ್. ಆಯಿಲ್ ಕಡಿಮೆಯಾಗಿಯೋ, ತೆಳ್ಳಗಾಗಿಯೋ ಬೇರಿಂಗ್ ಸವೆದರೆ ಆ ಜಾಗ ದೊಡ್ಡದಾಗುತ್ತದೆ. ಆಗ ಪಿಸ್ಟನ್ ಮೇಲೆ ಬಿದ್ದ ಪ್ರತಿ ಒತ್ತಿಗೂ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಇದು ಕಾದಷ್ಟೂ ಜೋರು, ಏಕೆಂದರೆ ಬಿಸಿಗೆ ಆಯಿಲ್ ಇನ್ನೂ ತೆಳ್ಳಗಾಗುತ್ತದೆ.

ಇಲ್ಲಿ ಕನ್ನಡ ಬಹಳ ಉಪಯೋಗಕ್ಕೆ ಬರುತ್ತದೆ. ನಾಕಿಂಗ್ ಅಂತ ಹೇಳದೆ ಸದ್ದನ್ನೇ ಹೇಳಿ. ಮೇಲಿನಿಂದ, ನಿಧಾನಕ್ಕೆ ಟಿಕ್ ಟಿಕ್ ಅಂದರೆ ವಾಲ್ವನ್ನು ಒತ್ತಿ ತೆರೆಯುವ ಟ್ಯಾಪೆಟ್. ಅದು ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಒಂದು ಸಲ ಬಡಿಯುತ್ತದೆ, ಸೆಟ್ಟಿಂಗ್ ಮಾಡಿಸಿದರೆ ಆಯಿತು. ತಣ್ಣಗಿದ್ದಾಗ ಮಾತ್ರ ಡೊಗ್ ಡೊಗ್ ಎಂದು ಆಮೇಲೆ ಮಾಯವಾದರೆ ಪಿಸ್ಟನ್ ಬೋರಿನಲ್ಲಿ, ಅಂದರೆ ಅದು ಓಡಾಡುವ ಸಿಲಿಂಡರಿನ ತೂತಿನಲ್ಲಿ, ಸಡಿಲ. ಇದನ್ನು ಇಟ್ಟುಕೊಂಡೇ ವರ್ಷಗಟ್ಟಲೆ ಓಡಿಸುವವರಿದ್ದಾರೆ. ರೇಸ್ ಮಾಡಿ ಕಾಲು ತೆಗೆದ ಕ್ಷಣಕ್ಕೆ ಟಕಟಕ ಎಂದರೆ ಕನ್‌ರಾಡ್ ಬೇರಿಂಗ್. ಲೋಡಿನಲ್ಲಿ ಏರು ಹತ್ತುವಾಗ ಕಾಲ ಕೆಳಗಿನಿಂದ ಧಡ್ ಧಡ್ ಎಂದರೆ ಕ್ರ್ಯಾಂಕನ್ನೇ ಹೊತ್ತಿರುವ ಮೇನ್ ಬೇರಿಂಗ್.

ನಮ್ಮ ಮನೆಯ ಡೀಸೆಲ್ ಜೀಪಿನಲ್ಲಿ ಹೀಗೇ ಒಂದು ಸದ್ದು ಶುರುವಾಯಿತು. ಮೊದಲು ತೋರಿಸಿದ ಕಡೆ ಬಾನೆಟ್ ಕೂಡ ಎತ್ತದೆ "ಬೇರಿಂಗ್ ಹೋಗಿದೆ" ಅಂದರು. ನಂಬಿಕೆ ಬರಲಿಲ್ಲ. ಪರಿಚಯದ ಹಿರಿಯ ಮೇಸ್ತ್ರಿಯೊಬ್ಬರು ಬಂದು ಉದ್ದ ಸ್ಕ್ರೂಡ್ರೈವರ್ ತಗೊಂಡರು. ತುದಿ ಇಂಜಿನ್ನಿಗೆ, ಹಿಡಿ ಕಿವಿಯ ಪಕ್ಕದ ಮೂಳೆಗೆ. ಫ್ಯಾನಿಗೆ ಸಿಗದ ಹಾಗೆ ಬಾಗಿ ಹೆಡ್ಡು, ಬ್ಲಾಕು, ಆಯಿಲ್ ಚೇಂಬರ್ ಎಲ್ಲ ಕೇಳಿದರು. ಆಮೇಲೆ ಐಡ್ಲಿಂಗ್‌ನಲ್ಲೇ ನೋಜಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಅರ್ಧ ಸುತ್ತು ಸಡಿಲಿಸಿದರು. ಡೀಸೆಲ್ ಆಚೆ ಜಿನುಗಿತು, ಆ ಸಿಲಿಂಡರ್ ಕೆಲಸ ನಿಲ್ಲಿಸಿತು. ಒಂದನೆಯದು, ಎರಡನೆಯದು, ಸದ್ದು ಹಾಗೇ ಇತ್ತು. ಮೂರನೆಯದು ಸಡಿಲಿಸಿದಾಗ ಪಟ್ಟನೆ ನಿಂತಿತು.

ನಾನು ಖುಷಿಪಟ್ಟೆ. ಅವರು ಪಡಲಿಲ್ಲ. "ಉರಿ ನಿಂತ್ರೆ ಬೇರಿಂಗ್ ಮೇಲೂ ಒತ್ತು ಬೀಳಲ್ಲ, ಅದೂ ಸುಮ್ನಾಗುತ್ತೆ" ಅಂದರು. ಇಂಜಿನ್ ಆಫ್ ಮಾಡಿ, ಹೊಸ ತಾಮ್ರದ ವಾಷರ್ ಹಾಕಿ ಮೂರನೇ ನೋಜಲನ್ನು ಒಂದಕ್ಕೂ, ಒಂದರದ್ದನ್ನು ಮೂರಕ್ಕೂ ಕೂರಿಸಿದರು. ಸ್ಟಾರ್ಟ್ ಮಾಡಿದರೆ ಸದ್ದು ಒಂದನೇ ಸಿಲಿಂಡರಿಗೆ ಹೋಗಿತ್ತು. ಬೇರಿಂಗ್ ಜಾಗ ಬದಲಿಸುವುದಿಲ್ಲ, ನೋಜಲ್ ಬದಲಿಸಿತ್ತು.

ಇದು ಹಳೇ ಪಂಪಿನ ಇಂಜಿನ್ನಿಗೆ ಮಾತ್ರ. ಎಲ್ಲ ನೋಜಲ್ಲಿಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದ ಡೀಸೆಲ್ ಹೋಗುವ ಹೊಸ ಕಾಲದ ಕಾಮನ್ ರೈಲ್ ಗಾಡಿಯಲ್ಲಿ ಈ ನಟ್ಟು ಮುಟ್ಟಲೇಬೇಡಿ, ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹಳೆಯದರಲ್ಲೂ ಸೋರುವ ಕಡೆ ಕೈ ಒಡ್ಡಬಾರದು.

ಸದ್ದು ಜಾಗ ಬದಲಿಸದಿದ್ದರೆ ಆಯಿಲ್ ಇಳಿಸಿ ಬಿಸಿಲಿಗೆ ಹಿಡಿಯಿರಿ. ಅಭ್ರಕದ ಪುಡಿಯಂತೆ ಮಿನುಗಿದರೆ ಅದು ಬೇರಿಂಗಿನ ಲೋಹ. ಮತ್ತೆ ಸ್ಟಾರ್ಟ್ ಮಾಡಬೇಡಿ, "ಗ್ಯಾರೇಜ್ ತನಕ ತಾನೇ" ಅಂತಲೂ ಬೇಡ. ಹಗ್ಗ ಕಟ್ಟಿ ಎಳೆಸಿ. ಕನ್‌ರಾಡ್ ತುಂಡಾಗಿ ಬ್ಲಾಕ್ ಒಡೆದುಕೊಂಡು ಆಚೆ ಬಂದರೆ ಆಮೇಲೆ ಇಳಿಸಿದರೂ ಇಂಜಿನ್ ಗುಜರಿಗೇ.