ಕ್ರಿಮಿಯ ಗೇಟಿಗೇ ಬೀಗ ಹಾಕಿದರೆ?

ಮಳೆಗಾಲ ಹಿಡಿಯಿತೆಂದರೆ ಮಡಿಕೇರಿ ಕಡೆ ನಮ್ಮಂಥ ಡಾಕ್ಟರುಗಳಿಗೆ ಕಾಲಿನ ಗಾಯಗಳದ್ದೇ ಕೆಲಸ. ಜಿಗಣೆ ಕಚ್ಚಿದ ಜಾಗವನ್ನು ಕೆರೆದುಕೊಂಡು, ಅದೇ ಕಾಲಿಗೆ ಒದ್ದೆ ಬೂಟು ಹಾಕಿ ತೋಟಕ್ಕೆ ಇಳಿಯುತ್ತಾರೆ. ನಾಲ್ಕೈದು ದಿನದಲ್ಲಿ ಊದಿ ಕೀವು ತುಂಬುತ್ತದೆ. ಆಮೇಲೆ ಬಂದು ಕೇಳುವುದು: "ಡಾಕ್ಟ್ರೇ, ಹೋದ ಸಲದ ಮಾತ್ರೆ ಹಿಡೀಲಿಲ್ಲ. ಇನ್ನೂ ಸ್ಟ್ರಾಂಗ್ ಇರೋದು ಕೊಡಿ."

ಈಗಿನ ಆಂಟಿಬಯೋಟಿಕ್‌ಗಳಲ್ಲಿ ಹೆಚ್ಚಿನವು ಹೊಡೆಯುವುದು ಕೆಲವೇ ಜಾಗಗಳಿಗೆ. ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟದ ಹಾಗೆ, ಪ್ರೋಟೀನ್ ತಯಾರಿಸದ ಹಾಗೆ, ಡಿಎನ್‌ಎ ನಕಲು ಮಾಡದ ಹಾಗೆ ತಡೆಯುತ್ತವೆ. ಈ ಏಟುಗಳಿಂದ ತಪ್ಪಿಸಿಕೊಳ್ಳುವುದನ್ನು ಕ್ರಿಮಿಗಳು ಚೆನ್ನಾಗಿ ಕಲಿತಿವೆ. ಅದಕ್ಕೇ ವಿಜ್ಞಾನಿಗಳು ಹೊಸ ಜಾಗ ಹುಡುಕುತ್ತಿದ್ದಾರೆ. ಅದರಲ್ಲಿ ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಬ್ಯಾಕ್ಟೀರಿಯಾದೊಳಗಿನ ಪ್ರೋಟೀನುಗಳು ಹೊರಗೆ ಹೋಗುವ ದಾರಿ.

ಕೀವಿನ ಕುರುಗಳಲ್ಲಿ ಹೆಚ್ಚಾಗಿ ಸಿಗುವುದು ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಇದರ ಆಲ್ಫಾ ಟಾಕ್ಸಿನ್ ಎಂಬ ವಿಷದ 7 ಅಣುಗಳು ನಮ್ಮ ಜೀವಕೋಶದ ಪೊರೆಯ ಮೇಲೆ ದುಂಡಗೆ ಸೇರಿಕೊಂಡು ತೂತು ಕೊರೆಯುತ್ತವೆ. ವಿಷ ತಯಾರಾಗುವುದು ಬ್ಯಾಕ್ಟೀರಿಯಾದ ಒಳಗೆ. ಅಲ್ಲೇ ಉಳಿದರೆ ನಮಗೇನೂ ತೊಂದರೆಯಿಲ್ಲ.

ತೋಟದಿಂದ ಕಾಫಿ ಮೂಟೆ ಆಚೆ ಹೋಗಬೇಕಾದರೆ ಗೇಟಿನಲ್ಲಿ ಚೀಟಿ ತೋರಿಸಬೇಕು ಅಲ್ವಾ? ಹೊರಗೆ ಹೋಗುವ ಪ್ರೋಟೀನಿನ ತುದಿಯಲ್ಲೂ ಸಾಮಾನ್ಯವಾಗಿ 20-30 ಅಮೈನೋ ಆಮ್ಲಗಳ (ಪ್ರೋಟೀನು ಕಟ್ಟುವ ಇಟ್ಟಿಗೆಗಳ) ಒಂದು ಚೀಟಿ ಇರುತ್ತದೆ. ಪ್ರೋಟೀನುಗಳು ಎಲ್ಲಿಗೆ ಹೋಗಬೇಕೆಂಬ ಗುರುತು ಅವುಗಳಲ್ಲೇ ಇರುತ್ತದೆ ಎಂದು ತೋರಿಸಿದ್ದಕ್ಕೆ ವಿಜ್ಞಾನಿ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಬಂತು. ಬ್ಯಾಕ್ಟೀರಿಯಾದ ಮುಖ್ಯ ಗೇಟು ಸೆಕ್‌ವೈ ಎಂಬ ಸಣ್ಣ ಕಿಂಡಿ. ಸೆಕ್‌ಎ ಎಂಬ ಇನ್ನೊಂದು ಪ್ರೋಟೀನು ಜೀವಕೋಶದ ಇಂಧನವಾದ ಎಟಿಪಿಯ ಶಕ್ತಿ ಖರ್ಚು ಮಾಡಿ, ಸರಕು ಮಡಚಿಕೊಳ್ಳುವ ಮೊದಲೇ ಅದನ್ನು ಸ್ವಲ್ಪ ಸ್ವಲ್ಪವಾಗಿ ಕಿಂಡಿಯೊಳಗೆ ತಳ್ಳುತ್ತದೆ. ಆಚೆ ಬದಿಯಲ್ಲಿ ಸಿಗ್ನಲ್ ಪೆಪ್ಟಿಡೇಸ್ ಎಂಬ ಕಿಣ್ವ ಚೀಟಿ ಹರಿದು ಹಾಕುತ್ತದೆ.

ಔಷಧಿಗೆ ಒಳ್ಳೆಯ ಗುರಿ ಸೆಕ್‌ಎ. ಕಿಂಡಿಯನ್ನೇ ಮುಚ್ಚೋಣ ಎಂದರೆ ಅದಕ್ಕೆ ಹೋಲುವ ಕಿಂಡಿ ನಮ್ಮ ಜೀವಕೋಶಗಳಲ್ಲೂ ಇದೆ. ತಳ್ಳುವ ಸೆಕ್‌ಎ ಮಾತ್ರ ನಮ್ಮಲ್ಲಿಲ್ಲ. (ಕಾಫಿ ಎಲೆಯ ಹಸಿರು ಕಣಗಳಲ್ಲಿ ಅದರ ನೆಂಟನಿದ್ದಾನೆ!) ಬ್ಯಾಕ್ಟೀರಿಯಾದ ಸೆಕ್‌ಎ ನಿಂತರೆ ವಿಷದ ಜೊತೆಗೆ ಪೊರೆಗೆ ಬೇಕಾದ ಪ್ರೋಟೀನುಗಳೂ ಒಳಗೇ ಸಿಕ್ಕಿಕೊಂಡು ಬ್ಯಾಕ್ಟೀರಿಯಾ ಬದುಕುವುದೇ ಕಷ್ಟ. ಸೋಡಿಯಂ ಅಜೈಡ್ ಎಂಬ ರಾಸಾಯನಿಕ ಸೆಕ್‌ಎಯನ್ನು ತಡೆಯುತ್ತದೆ. ಆದರೆ ಅದು ನಮ್ಮ ಜೀವಕೋಶಗಳ ಉಸಿರನ್ನೂ ಕಟ್ಟುವ ಕಡು ವಿಷ. ಹಾಗಾಗಿ ಸೆಕ್‌ಎಯನ್ನು ಮಾತ್ರ ಹಿಡಿಯುವ ಅಣುಗಳಿಗಾಗಿ ಹುಡುಕಾಟ ನಡೆದಿದೆ.

ಚೀಟಿ ಹರಿಯುವ ಕಿಣ್ವದ ಮೇಲೂ ಕೆಲಸ ನಡೆದಿದೆ. ಆರಿಲೋಮೈಸಿನ್ ಎಂಬ ನೈಸರ್ಗಿಕ ಅಣು ಅದನ್ನು ತಡೆಯುತ್ತದೆ, ಆದರೆ ಬಹಳ ಬ್ಯಾಕ್ಟೀರಿಯಾಗಳ ಮೇಲೆ ಅದರ ಆಟ ನಡೆಯುತ್ತಿರಲಿಲ್ಲ. 2018ರಲ್ಲಿ ಜೆನೆಂಟೆಕ್ ಕಂಪನಿಯ ವಿಜ್ಞಾನಿಗಳು ಅದರ ರಚನೆ ತಿದ್ದಿ, ಹಲವು ಔಷಧಿಗಳಿಗೆ ಜಗ್ಗದ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವ ಹಾಗೆ ಮಾಡಿದರು. ಈ ಗುಂಪಿಗೆ ಹೊರಗೊಂದು ಪೊರೆ ಜಾಸ್ತಿ. ಔಷಧಿ ಒಳಗೆ ನುಗ್ಗುವುದೇ ಕಷ್ಟ, ನುಗ್ಗಿದ್ದನ್ನೂ ಅವು ಪಂಪ್ ಮಾಡಿ ಹೊರಗೆಸೆಯುತ್ತವೆ.

ಇನ್ನೊಂದು ದಾರಿಯಲ್ಲಿ ಕೊಲ್ಲುವ ಉದ್ದೇಶವೇ ಇಲ್ಲ. ಸಾಲ್ಮೊನೆಲ್ಲಾ, ಶಿಗೆಲ್ಲಾ, ಸೂಡೊಮೊನಾಸ್‌ ಎಂಬ ಬ್ಯಾಕ್ಟೀರಿಯಾಗಳಿಗೆ ಸೂಜಿಯಂಥ ಒಂದು ಅಂಗವಿದೆ. ಅದರಿಂದ ನಮ್ಮ ಜೀವಕೋಶದೊಳಗೆ ನೇರವಾಗಿ ಪ್ರೋಟೀನು ಚುಚ್ಚುತ್ತವೆ. ಲ್ಯಾಬಿನಲ್ಲಿ ಕೆಲವು ರಾಸಾಯನಿಕಗಳು ಈ ಸೂಜಿಯ ಕೆಲಸ ಕೆಡಿಸುತ್ತವೆ. ಬ್ಯಾಕ್ಟೀರಿಯಾ ಸಾಯುವುದಿಲ್ಲ, ಕೈ ಕಟ್ಟಿದಂತಾಗುತ್ತದೆ. ಉಳಿದದ್ದನ್ನು ನಮ್ಮ ಬಿಳಿ ರಕ್ತಕಣಗಳು ನೋಡಿಕೊಳ್ಳಬೇಕು. ಕೊಲ್ಲದಿರುವುದರಿಂದ ರೆಸಿಸ್ಟೆನ್ಸ್ (ಔಷಧಿಗೆ ಜಗ್ಗದ ಗುಣ) ನಿಧಾನವಾಗಿ ಬರಬಹುದು ಎಂಬುದು ಲೆಕ್ಕಾಚಾರ. "ರೆಸಿಸ್ಟೆನ್ಸ್ ಬರುವುದೇ ಇಲ್ಲ" ಎಂದು ಯಾರಾದರೂ ಬರೆದರೆ ನಂಬಬೇಡಿ. ಅಜೈಡ್‌ಗೂ ಜಗ್ಗದ ಬ್ಯಾಕ್ಟೀರಿಯಾಗಳು ಲ್ಯಾಬಿನಲ್ಲಿ ಸಿಕ್ಕಿವೆ, ಬದಲಾವಣೆ ಆಗಿದ್ದು ಸೆಕ್‌ಎ ಜೀನಿನಲ್ಲೇ.

ಇಂಥ ಮಾತ್ರೆ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಬೇಡಿ, ಇನ್ನೂ ಬಂದಿಲ್ಲ. ಸೂಜಿ ತಡೆಯುವ ಔಷಧಿ ಬಂದರೂ ನಮ್ಮ ಕಡೆ ಬೇರೊಂದು ತೊಡಕಿದೆ. ಸ್ಟ್ಯಾಫಿಲೋಕಾಕಸ್‌ಗೆ ಆ ಸೂಜಿಯೇ ಇಲ್ಲ. ಹಾಗಾಗಿ ಯಾವ ಕ್ರಿಮಿ ಎಂದು ಮೊದಲೇ ಗೊತ್ತಿರಬೇಕು, ಔಷಧಿಯನ್ನೂ ಬೇಗ ಶುರು ಮಾಡಬೇಕು. ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ಗುರುತಿಸುವ ಕಲ್ಚರ್ ರಿಪೋರ್ಟ್ ಬರಲು ಎರಡು ಮೂರು ದಿನ ಬೇಕು. ಅಷ್ಟರೊಳಗೆ ಸೂಜಿಯಿರುವ ಕ್ರಿಮಿ ಚುಚ್ಚಬೇಕಾದದ್ದನ್ನೆಲ್ಲ ಚುಚ್ಚಿ ಮುಗಿಸಿರುತ್ತದೆ.