ಆ ಊರಲ್ಲಿ ಎಷ್ಟು ಜನ? ಯಾವ ತಿಂಗಳಲ್ಲಿ?

ಜನಗಣತಿಯ ಅಂಕಿ ಓದುವುದು ನನ್ನ ಕೆಲಸ. ದೊಡ್ಡ ಊರಿನ ಲೆಕ್ಕ ಅಷ್ಟೇನೂ ತಲೆ ತಿನ್ನುವುದಿಲ್ಲ. ನೂರಿನ್ನೂರು ಜನ ಆಚೀಚೆ ಆದರೂ ಗೊತ್ತಾಗುವುದಿಲ್ಲ. ಕಾಡುವುದು ಗುಡ್ಡದ ಮೇಲಿನ ಸಣ್ಣ ಹಳ್ಳಿ.

ನಿಸ್ಟ್ರೋವೊ ಅಂಥ ಒಂದು ಹಳ್ಳಿ. ಉತ್ತರ ಮ್ಯಾಸಿಡೋನಿಯದ ಪಶ್ಚಿಮ ಮೂಲೆಯಲ್ಲಿ, ಅಲ್ಬೇನಿಯದ ಗಡಿ ಹತ್ತಿರ, ಕೊರಾಬ್ ಬೆಟ್ಟಸಾಲಿನ ಕಡೆ ಇದೆ. ರಾದಿಕಾ ನದಿಯ ಮೇಲ್ಭಾಗದ ಈ ಸೀಮೆಗೆ ಮೇಲಿನ ರೇಕಾ ಎಂದು ಹೆಸರು. ಇಲ್ಲಿನ ಹಳ್ಳಿಗರ ಮನೆಮಾತು ಅಲ್ಬೇನಿಯನ್. ಆದರೆ ಕೆಲವರು ಮುಸ್ಲಿಮರು, ಕೆಲವರು ಆರ್ಥೊಡಾಕ್ಸ್ ಕ್ರೈಸ್ತರು. ಲೆಕ್ಕ ಜಟಿಲವಾಗುವುದೇ ಇಲ್ಲಿಂದ.

ಹಿಂದೆ ಈ ಸೀಮೆಯನ್ನು ಆಳುತ್ತಿದ್ದ ಆಟೊಮನ್ ತುರ್ಕರ ಕಂದಾಯ ಪುಸ್ತಕದಲ್ಲಿ ಬರೆಯುತ್ತಿದ್ದುದು ಮನೆಯ ಯಜಮಾನರ ಹೆಸರು, ಅದೂ ಧರ್ಮ ನೋಡಿ. ಮನೆಯಲ್ಲಿ ಯಾವ ಮಾತು ಆಡುತ್ತೀರಿ ಅಂತ ಯಾರೂ ಕೇಳಲಿಲ್ಲ. ಆಮೇಲೆ ಈ ಸೀಮೆ ಯುಗೊಸ್ಲಾವಿಯಕ್ಕೆ ಸೇರಿತು. ಅದರ 1921 ಮತ್ತು 1931ರ ಗಣತಿಗಳು ಧರ್ಮ, ಮಾತೃಭಾಷೆ ಎರಡನ್ನೂ ಕೇಳಿದವು. 1948ರಿಂದ ಹೊಸ ಪ್ರಶ್ನೆ ಬಂತು: ನೀವು ಯಾವ ಜನಾಂಗ? ಮೇಲಿನ ರೇಕಾದ ಕ್ರೈಸ್ತರಲ್ಲಿ ಬಹಳಷ್ಟು ಮಂದಿ ಅಲ್ಬೇನಿಯನ್ ಮಾತಾಡುತ್ತಲೇ ತಮ್ಮನ್ನು ಮ್ಯಾಸಿಡೋನಿಯನ್ ಎಂದರು. ಅದೇ ನಿಸ್ಟ್ರೋವೊದಲ್ಲಿ ಹುಟ್ಟಿದ ಯೋಸಿಫ್ ಬಾಗೇರಿ ಆರ್ಥೊಡಾಕ್ಸ್ ಕ್ರೈಸ್ತನೇ. ಆತ ಬಲ್ಗೇರಿಯದ ಸೋಫಿಯಾಕ್ಕೆ ದುಡಿಯಲು ಹೋಗಿ, ಅಲ್ಬೇನಿಯನ್ನನೆಂದೇ ಪತ್ರಿಕೆ ನಡೆಸಿದ, ಕವಿತೆ ಬರೆದ. ಇಬ್ಬರದೂ ಸುಳ್ಳಲ್ಲ, ಅಲ್ವಾ?

ನಾನು ಹೊಸಬರಿಗೆ ಪಾಠ ಮಾಡುವಾಗ ತೋರಿಸುವ ಒಂದು ಜೋಡಿ ಅಂಕಿ ಇದೆ. 1948ರಲ್ಲಿ ಮ್ಯಾಸಿಡೋನಿಯದಲ್ಲಿ ತುರ್ಕರು 95,940. 1953ರಲ್ಲಿ 2,03,938. ಐದೇ ವರ್ಷದಲ್ಲಿ ದುಪ್ಪಟ್ಟು! ಅದೇ ಹೊತ್ತಿಗೆ ಅಲ್ಬೇನಿಯನ್ನರು 1,97,389ರಿಂದ 1,62,524ಕ್ಕೆ ಇಳಿದರು. ತೊಟ್ಟಿಲು ತೂಗಿ ಇಷ್ಟು ಏರಲು ಸಾಧ್ಯವೇ ಇಲ್ಲ. ತುರ್ಕಿಗೆ ವಲಸೆ ಹೋಗುವ ದಾರಿ ತೆರೆಯುತ್ತಿದ್ದ ಕಾಲ ಅದು. ಯುಗೊಸ್ಲಾವಿಯದ ಟಿಟೊ ಸರ್ಕಾರಕ್ಕೂ ಅಲ್ಬೇನಿಯಕ್ಕೂ ಸಂಬಂಧ ಕೆಟ್ಟಿತ್ತು. ಬಹಳ ಮಂದಿ ಮುಸ್ಲಿಮರು ತುರ್ಕ ಎಂದು ಬರೆಸಿದರು. ಜನ ಅವರೇ, ಪೆಟ್ಟಿಗೆಯ ಮೇಲಿನ ಚೀಟಿ ಬದಲಾಗಿತ್ತು ಅಷ್ಟೆ.

ಇನ್ನು ಊರು ಖಾಲಿಯಾದದ್ದು. ಮೇಲಿನ ರೇಕಾದವರು ಕುರಿಗಾಹಿಗಳು. ಬೇಸಿಗೆಯಲ್ಲಿ ಬೆಟ್ಟ, ಚಳಿಗೆ ಥೆಸಲೊನೀಕಿ ಕಡೆಯ ಬಯಲು. 1912-13ರ ಬಾಲ್ಕನ್ ಯುದ್ಧಗಳ ನಂತರ ಆ ಬಯಲು ಗ್ರೀಸಿಗೆ ಸೇರಿತು, ಕುರಿಯ ದಾರಿಗೆ ಗಡಿ ಅಡ್ಡ ಬಂತು. ಗಂಡಸರು ಮೊದಲಿನಿಂದಲೂ ದುಡಿಮೆಗೆ ಪರದೇಶ ಸುತ್ತುವವರು. ಇದಕ್ಕೆ ಅಲ್ಬೇನಿಯನ್ನಿನಲ್ಲಿ ಕುರ್ಬೆಟ್ ಎನ್ನುತ್ತಾರೆ. ಆಮೇಲೆ ಸಂಸಾರಗಳೂ ಗೋಸ್ಟಿವಾರ್ ಪಟ್ಟಣ, ರಾಜಧಾನಿ ಸ್ಕೋಪಿಯೆ ಎಂದು ಇಳಿದುಹೋದವು. ಹಿಮ ಬಿದ್ದಾಗ ಹೋದರೆ ಇಂಥ ಹಳ್ಳಿಗಳಲ್ಲಿ ಬೆರಳೆಣಿಕೆಯ ಮನೆಗಳು. ಆಗಸ್ಟಿನಲ್ಲಿ ಹೋದರೆ ಮೊಮ್ಮಕ್ಕಳ ಗಲಾಟೆ.

ಹೊರಗಿದ್ದವರನ್ನು ಎಣಿಸಬೇಕೋ ಬೇಡವೋ? ಇದು ಸುಮ್ನೆ ತಾಂತ್ರಿಕ ಪ್ರಶ್ನೆ ಅಂದುಕೊಳ್ಳಬೇಡಿ. ಉತ್ತರ ಮ್ಯಾಸಿಡೋನಿಯದ 2011ರ ಗಣತಿ ಇದೇ ಜಗಳದಲ್ಲಿ ಅರ್ಧಕ್ಕೆ ನಿಂತಿತು. ಅಲ್ಬೇನಿಯನ್ ಬಂಡಾಯ ಮುಗಿಸಲು ಮಾಡಿಕೊಂಡ 2001ರ ಓಹ್ರಿದ್ ಒಪ್ಪಂದದ ಪ್ರಕಾರ ಶೇ. 20ರಷ್ಟು ಜನ ಆಡುವ ಭಾಷೆಗೆ ಅಧಿಕೃತ ಸ್ಥಾನ ಸಿಗುತ್ತದೆ. ಹಾಗಾಗಿ ಒಂದೊಂದು ತಲೆಗೂ ಬೆಲೆ. 2021ರಲ್ಲಿ ಒಂದು ಉಪಾಯ ಮಾಡಿದರು. ನೆಲೆಸಿರುವವರು 18,36,713. ಹೊರಗಿರುವವರನ್ನೂ ಸೇರಿಸಿದರೆ 20,97,319. ಮೊದಲ ಲೆಕ್ಕದಲ್ಲಿ ಅಲ್ಬೇನಿಯನ್ನರು ಶೇ. 24.3, ಎರಡನೆಯದರಲ್ಲಿ ಶೇ. 29.5. ಎರಡನ್ನೂ ಪ್ರಕಟಿಸಿದ್ದು ನನಗೆ ಇಷ್ಟವಾಯಿತು. ಜಗಳ ಮಾತ್ರ ಮುಗಿಯಲಿಲ್ಲ.

ನಮ್ಮ ಕಡೆ ಹಳೆಯವರು ಊರಿನ ಗಾತ್ರ ಹೇಳುವಾಗ ತಲೆ ಎಣಿಸುವುದಿಲ್ಲ, ನಲವತ್ತು ಒಕ್ಕಲು ಅನ್ನುತ್ತಾರೆ. ಉತ್ತರ ಅಲ್ಬೇನಿಯದ ಬೆಟ್ಟದವರು ಇಂಥದೇ ಲೆಕ್ಕಕ್ಕೆ 'ಟೂಮ್' ಎನ್ನುತ್ತಿದ್ದರು. ಹಾಗೆಂದರೆ ಹೊಗೆ. ಒಲೆ ಉರಿದರೆ ಮನೆ ಲೆಕ್ಕಕ್ಕೆ, ಇಲ್ಲದಿದ್ದರೆ ಇಲ್ಲ. ಈ ಹಳ್ಳಿಗಳ ಯಾವ ಅಂಕಿ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಎಣಿಸಿದ ತಿಂಗಳು. 2021ರಲ್ಲಿ ಅದು ಸೆಪ್ಟೆಂಬರ್.