ಗೂಗಲ್ ಹುಡುಕಾಟದಲ್ಲಿ ಕಾಣುವ ಜ್ವರ

ಮುಂಗಾರು ಹಿಡಿದು ಮೂರ್ನಾಲ್ಕು ವಾರ ಕಳೆಯುತ್ತಿದ್ದಂತೆ, ಸಾಂಕ್ರಾಮಿಕ ರೋಗಗಳ ಮೇಲೆ ನಿಗಾ ಇಡುವ ನಮ್ಮಂಥವರ ಮುಂದೆ ಎರಡು ಬಗೆಯ ಅಂಕಿಗಳಿರುತ್ತವೆ. ಒಂದು, ಆರೋಗ್ಯ ಕೇಂದ್ರ ಮತ್ತು ಪ್ರಯೋಗಾಲಯಗಳ ವರದಿ. ಇನ್ನೊಂದು, ‘ಡೆಂಗಿ ಲಕ್ಷಣಗಳು’, ‘ಪಪ್ಪಾಯಿ ಎಲೆ ರಸ’ ಎಂದು ಜನ ಅಂತರ್ಜಾಲದಲ್ಲಿ ಹುಡುಕಿದ್ದರ ಏರಿಳಿತ. ಜ್ವರ ಬಂದವರು ಎರಡು ದಿನ ಮಾತ್ರೆ ನುಂಗಿ ನೋಡಿ, ಇಳಿಯದಿದ್ದಾಗ ವೈದ್ಯರ ಬಳಿ ಹೋಗಿ, ರಕ್ತಪರೀಕ್ಷೆ ಮಾಡಿಸಿ, ಆ ಫಲಿತಾಂಶ ನಮ್ಮನ್ನು ತಲುಪುವಷ್ಟರಲ್ಲಿ ಎಷ್ಟೋ ಸಲ ವಾರವೇ ಉರುಳಿರುತ್ತದೆ. ಹುಡುಕಾಟವಾದರೋ ಮೈ ಬಿಸಿಯಾದ ರಾತ್ರಿಯೇ ನಡೆದಿರುತ್ತದೆ.

ಈ ಅಂತರವನ್ನು ಬಳಸಿಕೊಳ್ಳಲೆಂದೇ ಗೂಗಲ್ 2008ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ‘ಫ್ಲೂ ಟ್ರೆಂಡ್ಸ್’ ಆರಂಭಿಸಿತು. ಸುಮಾರು 5 ಕೋಟಿ ಹುಡುಕು ಪದಗಳನ್ನು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ಹಳೆಯ ಅಂಕಿಗಳೊಂದಿಗೆ ತಾಳೆ ನೋಡಿ, ಚೆನ್ನಾಗಿ ಹೊಂದಿದ 45ನ್ನು ಆರಿಸಿಕೊಳ್ಳಲಾಯಿತು. ಸಿಡಿಸಿಯ ವರದಿಗಿಂತ ಒಂದೆರಡು ವಾರ ಮೊದಲೇ ಫ್ಲೂ ಪ್ರಮಾಣ ತಿಳಿಯುತ್ತದೆಂಬುದು ಬಹುದೊಡ್ಡ ಭರವಸೆಯಾಗಿತ್ತು. ಆದರೆ 2009ರ ವಸಂತದಲ್ಲಿ ಹೊಸ ಎಚ್1ಎನ್1 ಹರಡಿದಾಗ ಆ ವಿಧಾನ ಅದರ ಪ್ರಮಾಣವನ್ನು ತೀರ ಕಡಿಮೆಯೆಂದು ಅಂದಾಜಿಸಿತು. 2012–13ರ ಚಳಿಗಾಲದಲ್ಲಿ ಇದಕ್ಕೆ ವಿರುದ್ಧವಾಗಿ, ಸಿಡಿಸಿ ಲೆಕ್ಕದ ಸುಮಾರು ಎರಡು ಪಟ್ಟು ಫ್ಲೂ ಇದೆಯೆಂದು ತೋರಿಸಿತು. 2011ರ ಆಗಸ್ಟ್‌ನಿಂದ ಲೆಕ್ಕ ಹಾಕಿದರೆ 108 ವಾರಗಳಲ್ಲಿ 100 ವಾರ ಅದರ ಅಂದಾಜು ಅತಿಯಾಗಿತ್ತೆಂದು 2014ರಲ್ಲಿ ‘ಸೈನ್ಸ್’ ಪತ್ರಿಕೆಯ ಲೇಖನವೊಂದು ತೋರಿಸಿತು. ಮೂರು ವಾರ ಹಳೆಯದಾದ ಸಿಡಿಸಿ ಅಂಕಿಗಳಿಂದ ಮಾಡಿದ ಸರಳ ಲೆಕ್ಕಾಚಾರವೇ ಇದಕ್ಕಿಂತ ಮೇಲಾಗಿತ್ತು ಎಂಬ ಮಾತು ನನ್ನನ್ನು ಇಂದಿಗೂ ಎಚ್ಚರಿಸುತ್ತದೆ. 2015ರಲ್ಲಿ ಗೂಗಲ್ ಈ ಅಂದಾಜುಗಳ ಪ್ರಕಟಣೆಯನ್ನು ನಿಲ್ಲಿಸಿತು.

ಹುಡುಕುವವರೆಲ್ಲ ರೋಗಿಗಳಲ್ಲ ಎಂಬುದೇ ಇಲ್ಲಿನ ಮೂಲ ತೊಡಕು. ಟಿ.ವಿ.ಯಲ್ಲಿ ಸಾವಿನ ಸುದ್ದಿ ಬಂದ ಸಂಜೆ ಆರೋಗ್ಯವಾಗಿರುವವರೂ ಹುಡುಕುತ್ತಾರೆ. ಹಾಸನದ ಹಳ್ಳಿಯೊಂದರಲ್ಲಿ ತಾಯಿಗೆ ಜ್ವರವೆಂದು ಫೋನ್ ಬಂದಾಗ ಬೆಂಗಳೂರಿನಲ್ಲಿರುವ ಮಗ ಹುಡುಕಿದರೆ, ಆ ಹುಡುಕಾಟ ಬೆಂಗಳೂರಿನ ಲೆಕ್ಕಕ್ಕೆ ಸೇರುತ್ತದೆ. ನಮ್ಮ ಜನ ಒಂದೇ ಕಾಯಿಲೆಯನ್ನು ಡೆಂಗಿ, ಡೆಂಘೀ, ಡೆಂಗ್ಯೂ ಎಂದೆಲ್ಲ ಬರೆಯುತ್ತಾರೆ, ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತಾರೆ. ಅಲ್ಲದೆ ಯಾವುದೇ ಪದದ ಹುಡುಕಾಟದ ಏರಿಳಿತವನ್ನು ತೋರಿಸುವ ಗೂಗಲ್ ಟ್ರೆಂಡ್ಸ್ ಎಂಬ ಸೇವೆ ಕೊಡುವುದು ಹುಡುಕಿದವರ ಸಂಖ್ಯೆಯನ್ನಲ್ಲ. ಆಯ್ದ ಅವಧಿಯ ಗರಿಷ್ಠ ಮಟ್ಟವನ್ನು 100 ಎಂದಿಟ್ಟುಕೊಂಡ ಪ್ರಮಾಣವನ್ನು ಮಾತ್ರ. ಹುಡುಕಾಟ ತೀರ ಕಡಿಮೆಯಿರುವ ಕಡೆ ಅದು ಸೊನ್ನೆಯನ್ನೇ ತೋರಿಸೀತು. ಆ ಸೊನ್ನೆಯನ್ನು ನೋಡಿ ಕಾಯಿಲೆಯಿಲ್ಲ ಎಂದುಕೊಂಡರೆ ಅಪಾಯ.

ಮಲೆನಾಡಿನ ಮಂಗನ ಕಾಯಿಲೆಗಂತೂ ಈ ದಾರಿ ಹೊಂದುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಪ್ರಕರಣಗಳು ಕೆಲವೇ ಊರುಗಳಲ್ಲಿರುತ್ತವೆ, ಸುದ್ದಿ ಮಾತ್ರ ರಾಜ್ಯದುದ್ದಕ್ಕೂ ಹಬ್ಬುತ್ತದೆ. ಅಲ್ಲಿ ನಿಜವಾದ ಮುನ್ಸೂಚನೆ ಕಾಡಿನಂಚಿನಲ್ಲಿ ಸತ್ತುಬಿದ್ದ ಮಂಗ. ಅದನ್ನು ಕಂಡವರು ಅಂದೇ ತಿಳಿಸಿದರೆ ಕಾಯಿಲೆ ಹರಡುವ ಸುತ್ತಲಿನ ಉಣ್ಣೆಗಳನ್ನು (ಉಣುಗುಗಳನ್ನು) ಹಿಡಿದು ಪರೀಕ್ಷೆಗೆ ಕಳಿಸಬಹುದು.

ಹಾಗೆಂದು ಹುಡುಕಾಟದ ದತ್ತಾಂಶವನ್ನು ಬದಿಗೆ ಸರಿಸುವವನು ನಾನಲ್ಲ. ಆಸ್ಪತ್ರೆಯ ಅಂಕಿಗಳೊಂದಿಗೆ ಬೆರೆಸಿ, ಯಾವ ಪದಕ್ಕೆ ಎಷ್ಟು ತೂಕ ಕೊಡಬೇಕೆಂಬುದನ್ನು ವಾರವಾರವೂ ತಿದ್ದುತ್ತ ಹೋದರೆ ಅಂದಾಜು ಸುಧಾರಿಸುತ್ತದೆಂದು ಫ್ಲೂ ಅಂದಾಜಿಸುವ 2015ರ ‘ಆರ್ಗೋ’ ಎಂಬ ಲೆಕ್ಕಾಚಾರದ ಮಾದರಿ ತೋರಿಸಿಕೊಟ್ಟಿದೆ. ನನ್ನ ಮಟ್ಟಿಗೆ, ಹುಡುಕಾಟದ ರೇಖೆ ಏರಿದ ದಿನ ಮೊದಲು ಪತ್ರಿಕೆ, ಟಿ.ವಿ.ಗಳಲ್ಲಿ ಕಾಯಿಲೆಯ ಸುದ್ದಿಯಿತ್ತೇ ಎಂದು ನೋಡುತ್ತೇನೆ. ಸುದ್ದಿಯಿಲ್ಲದೆಯೇ ಏರಿದ್ದರೆ, ಆ ಭಾಗದ ಆರೋಗ್ಯ ಕೇಂದ್ರಗಳಿಗೆ ಫೋನ್ ಮಾಡಿ ಈ ವಾರ ಜ್ವರವೆಂದು ಬಂದವರೆಷ್ಟು ಎಂದು ಕೇಳುತ್ತೇನೆ. ಉತ್ತರಕ್ಕೆ ಕಾಯುವಾಗಲೇ ಆ ಬೀದಿಗಳ ತೊಟ್ಟಿ, ಡ್ರಮ್ಮುಗಳಲ್ಲಿ ಸೊಳ್ಳೆಯ ಲಾರ್ವಾ ಇದೆಯೇ ಎಂದು ನೋಡಿಬರಲು ಆಶಾ ಕಾರ್ಯಕರ್ತೆಯರಿಗೆ ಹೇಳಿರುತ್ತೇನೆ.